ವಿಂಡೋಸ್ ಮತ್ತೆ ಹಾಕಿದ ಮೇಲೆ: ಹಳೇ ಫೋಲ್ಡರ್ ಅಳಿಸುವ ಮೊದಲು ಅದರಿಂದ ಡ್ರೈವರ್ ತೆಗೆದುಕೊಳ್ಳಿ

ಪ್ರಶ್ನೆ: ಸರ್, ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರು ಪತ್ರ, ಮದುವೆ ಕರೆಯೋಲೆ ಟೈಪ್ ಮಾಡಿಕೊಡುತ್ತೇನೆ. 2020ರಲ್ಲಿ ಕೊಂಡ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ತುಂಬಾ ನಿಧಾನ ಆಯ್ತು ಅಂತ ಪೆನ್‌ಡ್ರೈವ್‌ನಿಂದ ನಾನೇ ವಿಂಡೋಸ್ 11 ಹಾಕಿದೆ. ಫಾರ್ಮ್ಯಾಟ್ ಮಾಡಲಿಲ್ಲ. ಈಗ ವೈಫೈ ಇಲ್ಲ, ಸೌಂಡ್ ಇಲ್ಲ, ಸ್ಕ್ರೀನ್ ಮೇಲೆ ಎಲ್ಲಾ ದಪ್ಪ ದಪ್ಪ ಕಾಣುತ್ತದೆ. ಡಿವೈಸ್ ಮ್ಯಾನೇಜರ್ ತೆರೆದರೆ ಐದಾರು ಹಳದಿ ಗುರುತು. ಡೆಸ್ಕ್‌ಟಾಪ್ ಮೇಲಿದ್ದ ಫೈಲ್ ಒಂದೂ ಇಲ್ಲ. ಡಿ ಡ್ರೈವ್‌ನಲ್ಲಿದ್ದ ನುಡಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಸಿ ಡ್ರೈವ್ ತುಂಬಿ ಕೆಂಪಾಗಿದೆ. ಅದರಲ್ಲಿ ವಿಂಡೋಸ್.ಓಲ್ಡ್ ಅನ್ನೋ ದೊಡ್ಡ ಫೋಲ್ಡರ್ ಇದೆ. ಡಿಲೀಟ್ ಕೊಟ್ಟರೆ ಪರ್ಮಿಷನ್ ಇಲ್ಲ ಅನ್ನುತ್ತದೆ. ಅದನ್ನು ಅಳಿಸುವುದು ಹೇಗೆ? ಡ್ರೈವರ್ ಎಲ್ಲಿ ಸಿಗುತ್ತದೆ?

ಉತ್ತರ: ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ: ಆ ಫೋಲ್ಡರ್ ಅಳಿಸುವ ಪ್ರಯತ್ನವನ್ನು ಇಲ್ಲಿಗೇ ನಿಲ್ಲಿಸಿ. ನೀವು ಎರಡು ಬೇರೆ ಬೇರೆ ಪ್ರಶ್ನೆ ಕೇಳಿದ್ದೀರಿ. ಆದರೆ ಎರಡನೆಯದಕ್ಕೆ ಬೇಕಾದ ಉತ್ತರ ಬಹುಪಾಲು ಮೊದಲನೆಯದರ ಒಳಗೇ ಇದೆ. ಡ್ರೈವರ್ ಅಂದರೆ ಒಂದೊಂದು ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಚಿಕ್ಕ ಪ್ರೋಗ್ರಾಂ. ನಿಮ್ಮ ವೈಫೈ ಡ್ರೈವರ್, ಸೌಂಡ್ ಡ್ರೈವರ್, ಡೆಸ್ಕ್‌ಟಾಪ್ ಮೇಲಿದ್ದ ಫೈಲ್‌ಗಳು ಎಲ್ಲವೂ ವಿಂಡೋಸ್.ಓಲ್ಡ್ ಒಳಗೇ ಕೂತಿವೆ. ಡಿಲೀಟ್ ಆಗದೇ ಇದ್ದದ್ದು ಒಳ್ಳೆಯದೇ ಆಯ್ತು. ರೀಸೈಕಲ್ ಬಿನ್ ಒಮ್ಮೆ ತೆರೆದು ನೋಡಿ. ಅರ್ಧಂಬರ್ಧ ಏನಾದರೂ ಅಲ್ಲಿಗೆ ಹೋಗಿದ್ದರೆ ರಿಸ್ಟೋರ್ ಕೊಡಿ.

ಆಗಿದ್ದೇನು ಅಂದರೆ, ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಆರಿಸಿ ನೆಕ್ಸ್ಟ್ ಒತ್ತಿದ ಕೂಡಲೇ ಒಂದು ಚಿಕ್ಕ ಸಂದೇಶ ಬಂದಿರಬೇಕು. ಈ ಪಾರ್ಟಿಷನ್‌ನಲ್ಲಿ ಹಳೇ ವಿಂಡೋಸ್‌ನ ಫೈಲ್‌ಗಳಿವೆ, ಅವನ್ನು ವಿಂಡೋಸ್.ಓಲ್ಡ್ ಅನ್ನುವ ಫೋಲ್ಡರ್‌ಗೆ ಸರಿಸುತ್ತೇನೆ ಅಂತ. ಹೆಚ್ಚಿನವರು ಓದದೆ ಓಕೆ ಒತ್ತುತ್ತಾರೆ. ಆಗ ಹಳೇ ವಿಂಡೋಸ್ ಫೋಲ್ಡರ್, ಪ್ರೋಗ್ರಾಂ ಫೈಲ್ಸ್, ಯೂಸರ್ಸ್, ಪ್ರೋಗ್ರಾಂ ಡೇಟಾ ಇವಿಷ್ಟೂ ಅದರೊಳಗೆ ಹೋಗುತ್ತವೆ. ಸಿ ಡ್ರೈವ್‌ನ ಬೇರಿನಲ್ಲೇ, ಅಂದರೆ ಅದನ್ನು ತೆರೆದ ಕೂಡಲೇ ಕಾಣುವ ಜಾಗದಲ್ಲೇ, ನೀವು ಮಾಡಿಕೊಂಡಿದ್ದ ಬೇರೆ ಫೋಲ್ಡರ್‌ಗಳು ಇದ್ದಲ್ಲೇ ಇರುತ್ತವೆ. ಡಿ ಡ್ರೈವ್ ಅನ್ನು ಅದು ಮುಟ್ಟುವುದೇ ಇಲ್ಲ.

ಹಾಗಾದರೆ ಹಳೇ ಪ್ರೋಗ್ರಾಂಗಳನ್ನು ಅಲ್ಲಿಂದಲೇ ಓಡಿಸಬಹುದಾ ಅಂತ ಕೇಳುವವರು ತುಂಬಾ ಜನ. ಆಗುವುದಿಲ್ಲ. ಪ್ರೋಗ್ರಾಂ ಫೈಲ್ಸ್ ಒಳಗಿನ ಫೈಲ್‌ಗಳು ಇದ್ದರೂ ಅವುಗಳ ನೋಂದಣಿ ಹಳೇ ವಿಂಡೋಸ್‌ನ ರಿಜಿಸ್ಟ್ರಿ ಅನ್ನುವ ದಾಖಲೆ ಪಟ್ಟಿಯಲ್ಲಿತ್ತು. ಹೊಸ ವಿಂಡೋಸ್‌ಗೆ ಅವುಗಳ ಪರಿಚಯವೇ ಇಲ್ಲ. ಪೇಜ್‌ಮೇಕರ್, ಎಂಎಸ್ ಆಫೀಸ್, ನುಡಿ ಎಲ್ಲವನ್ನೂ ಹೊಸದಾಗಿ ಹಾಕಲೇಬೇಕು. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿರುವ ಗೋ ಬ್ಯಾಕ್ ಬಟನ್ ಕೂಡ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಅದು ಹಳೇ ವಿಂಡೋಸ್ ಓಡುತ್ತಿರುವಾಗಲೇ ಅದರ ಒಳಗಿನಿಂದ ಅಪ್‌ಗ್ರೇಡ್ ಮಾಡಿದವರಿಗೆ ಇರುವ ಸೌಲಭ್ಯ. ಹಾಗೆ ಅಪ್‌ಗ್ರೇಡ್ ಮಾಡಿದವರಿಗೂ 10 ದಿನ ಮಾತ್ರ ಅವಕಾಶ. ಆಮೇಲೆ ವಿಂಡೋಸ್ ತಾನೇ ಆ ಫೋಲ್ಡರ್ ಅಳಿಸಿಬಿಡುತ್ತದೆ. ಅದಕ್ಕೇ, ಯಾವ ರೀತಿ ಹಾಕಿದ್ದರೂ ನಾನು ಹೇಳುವುದು ಇಷ್ಟೇ: ನಾಳೆ ನಾಡಿದ್ದು ಅನ್ನದೆ ಇವತ್ತೇ ಬೇಕಾದ್ದನ್ನು ಹೊರಗೆ ತೆಗೆಯಿರಿ.

ಈಗ ಕೆಲಸಕ್ಕೆ ಬರೋಣ. ಮೊದಲು ಇಂಟರ್‌ನೆಟ್. ಅದು ಬಂದರೆ ಅರ್ಧ ತಲೆನೋವು ಕಡಿಮೆ. ವೈಫೈ ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಡ್ರೈವರ್ ಬೇಕು, ಇಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ನಿಮ್ಮ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಬೇರೆ ಯಾರ ಹತ್ತಿರವೂ ಹೋಗಬೇಕಿಲ್ಲ. ಚಾರ್ಜರ್ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ಯುಎಸ್‌ಬಿ ಟೆದರಿಂಗ್ ಅಂತ ಇನ್ನೊಂದು ಬಟನ್ ಇರುತ್ತದೆ. ಅದನ್ನು ಆನ್ ಮಾಡಿ. ಹಾಟ್‌ಸ್ಪಾಟ್ ಆನ್ ಮಾಡಿ ಪ್ರಯೋಜನವಿಲ್ಲ, ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬೇಕಾಗುತ್ತದೆ. ಯುಎಸ್‌ಬಿ ಟೆದರಿಂಗ್‌ಗೆ ಬೇಕಾದ ಡ್ರೈವರ್ ಮಾತ್ರ ವಿಂಡೋಸ್ ಜೊತೆಗೇ ಬಂದಿರುತ್ತದೆ. ಒಂದೆರಡು ನಿಮಿಷದಲ್ಲಿ ಕೆಳಗೆ ಬಲಗಡೆ ನೆಟ್‌ವರ್ಕ್ ಚಿಹ್ನೆ ಬದಲಾಗುತ್ತದೆ. ಬಟನ್ ಮಂಕಾಗಿದ್ದು ಒತ್ತಲು ಬರದಿದ್ದರೆ ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಹೋಗುತ್ತದೆ, ಡೇಟಾ ಹೋಗುವುದಿಲ್ಲ.

ಡೇಟಾ ಖರ್ಚಾಗುತ್ತದೆ ಅಂತ ಹೆದರಬೇಡಿ. ಅಂಗಡಿಯಲ್ಲಿ ವೈಫೈ ಇದ್ದರೆ ಫೋನನ್ನು ಆ ವೈಫೈಗೆ ಜೋಡಿಸಿ, ಆಮೇಲೆ ಟೆದರಿಂಗ್ ಆನ್ ಮಾಡಿ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳು ಆಗ ವೈಫೈ ಇಂಟರ್‌ನೆಟ್ಟನ್ನೇ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುತ್ತವೆ. ಸಿಮ್‌ನ ಡೇಟಾ ಮುಟ್ಟುವುದಿಲ್ಲ.

ಇಂಟರ್‌ನೆಟ್ ಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಚೆಕ್ ಕೊಡಿ. ಇಳಿಯುವುದು ಇಳಿಯಲಿ, ರೀಸ್ಟಾರ್ಟ್ ಮಾಡಿ, ಇನ್ನೊಮ್ಮೆ ಚೆಕ್ ಕೊಡಿ. ಒಂದೇ ಸಲಕ್ಕೆ ಎಲ್ಲಾ ಬರುವುದಿಲ್ಲ. ಒಂದು ಡ್ರೈವರ್ ಕೂತ ಮೇಲೆ ಅದರ ಹಿಂದಿನ ಇನ್ನೊಂದು ಸಾಧನ ಕಣ್ಣಿಗೆ ಬೀಳುತ್ತದೆ, ಅದರ ಡ್ರೈವರ್ ಎರಡನೇ ಸುತ್ತಿನಲ್ಲಿ ಬರುತ್ತದೆ. ಆಮೇಲೆ ಅದೇ ಪುಟದಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಆಪ್ಷನಲ್ ಅಪ್‌ಡೇಟ್ಸ್, ಅದರೊಳಗೆ ಡ್ರೈವರ್ ಅಪ್‌ಡೇಟ್ಸ್ ಅಂತ ಇರುತ್ತದೆ. ಇಷ್ಟು ಒಳಗೆ ಹೋಗಿ ಯಾರೂ ನೋಡುವುದಿಲ್ಲ, ಆದರೆ ಎಷ್ಟೋ ಸಲ ಬೇಕಾದ ಡ್ರೈವರ್ ಅಲ್ಲೇ ಟಿಕ್‌ಗಾಗಿ ಕಾಯುತ್ತಿರುತ್ತದೆ. ಸ್ಕ್ರೀನ್ ಮೇಲೆ ದಪ್ಪ ದಪ್ಪ ಕಾಣುವ ನಿಮ್ಮ ಸಮಸ್ಯೆ ಸಾಮಾನ್ಯವಾಗಿ ಈ ಹಂತದಲ್ಲೇ ಸರಿಹೋಗುತ್ತದೆ. ಈಗ ನಿಮ್ಮ ಲ್ಯಾಪ್‌ಟಾಪ್ ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಅನ್ನುವ ತಾತ್ಕಾಲಿಕ ಡ್ರೈವರ್‌ನಲ್ಲಿ ಓಡುತ್ತಿದೆ. ಅದಕ್ಕೆ ನಿಮ್ಮ ಸ್ಕ್ರೀನಿನ ಸರಿಯಾದ ಅಳತೆ ಗೊತ್ತಿಲ್ಲ.

ಇಷ್ಟಾದ ಮೇಲೂ ಹಳದಿ ಗುರುತು ಉಳಿದರೆ, ಅಥವಾ ಟೆದರಿಂಗ್ ಆಗಲೇ ಇಲ್ಲ ಅಂದರೆ, ವಿಂಡೋಸ್.ಓಲ್ಡ್ ಕೆಲಸಕ್ಕೆ ಬರುತ್ತದೆ. ಹಳೇ ವಿಂಡೋಸ್ ತಾನು ಹಾಕಿಕೊಂಡ ಪ್ರತಿ ಡ್ರೈವರ್‌ನ ಪೂರ್ತಿ ನಕಲೊಂದನ್ನು ಒಂದು ಕಡೆ ಎತ್ತಿಟ್ಟಿರುತ್ತದೆ. ಆ ಜಾಗದ ದಾರಿ ಹೀಗಿದೆ: ಸಿ ಡ್ರೈವ್, ವಿಂಡೋಸ್.ಓಲ್ಡ್, ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್, ಫೈಲ್ ರೆಪಾಸಿಟರಿ. ಇದನ್ನು ತೆರೆದು ನೋಡಿದರೆ ವಿಚಿತ್ರ ಹೆಸರಿನ ನೂರಾರು ಫೋಲ್ಡರ್‌ಗಳು. ನೀವು ಹುಡುಕಬೇಕಿಲ್ಲ, ವಿಂಡೋಸೇ ಹುಡುಕುತ್ತದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿರುವ ಒಂದು ಹೆಸರಿನ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್. ಎರಡು ಆಯ್ಕೆ ಬರುತ್ತವೆ. ಎರಡನೆಯದು, ನನ್ನ ಕಂಪ್ಯೂಟರ್‌ನಲ್ಲೇ ಹುಡುಕುತ್ತೇನೆ ಅನ್ನುವುದು, ಅದನ್ನು ಒತ್ತಿ. ಬ್ರೌಸ್ ಕೊಟ್ಟು ಮೇಲೆ ಹೇಳಿದ ಫೈಲ್ ರೆಪಾಸಿಟರಿ ಫೋಲ್ಡರ್ ಆರಿಸಿ. ಅದರ ಕೆಳಗೆ ಒಳಗಿನ ಫೋಲ್ಡರ್‌ಗಳನ್ನೂ ಸೇರಿಸು ಅನ್ನುವ ಟಿಕ್ ಇದೆ. ಅದು ಇರಲೇಬೇಕು. ಇಲ್ಲದಿದ್ದರೆ ವಿಂಡೋಸ್ ಮೇಲ್ಮೇಲೆ ನೋಡಿ, ಏನೂ ಸಿಗಲಿಲ್ಲ ಅಂತ ಕೈ ಎತ್ತುತ್ತದೆ. ನೆಕ್ಸ್ಟ್ ಕೊಟ್ಟು ಸುಮ್ನೆ ಕಾಯಿರಿ, ಹುಡುಕಲು ಸ್ವಲ್ಪ ಹೊತ್ತು ಬೇಕು. ಸಿಕ್ಕಿದರೆ ಅದೇ ಕೂರಿಸಿಕೊಳ್ಳುತ್ತದೆ. ಹೀಗೆ ಒಂದೊಂದೇ ಸಾಧನಕ್ಕೆ ಮಾಡುತ್ತಾ ಹೋಗಿ.

ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮುಖ್ಯ. ಎಸ್‌ಎಂ ಬಸ್ ಕಂಟ್ರೋಲರ್ ಅಂತ ಒಂದು ಹೆಸರು ಕಂಡರೆ ಅದೇ ಮೊದಲು. ಅದು ಮದರ್‌ಬೋರ್ಡಿನ ಚಿಪ್‌ಸೆಟ್‌ಗೆ ಸೇರಿದ್ದು. ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್ ಅಂತ ಇದ್ದರೆ, ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್. ಹೆಸರು ನೋಡಿ ಮೋಡೆಮ್ ಇರಬೇಕು ಅಂತ ಮೋಡೆಮ್ ಡ್ರೈವರ್ ಹುಡುಕಿ ಸಮಯ ಕಳೆದವರು ಎಷ್ಟೋ ಜನ. ನೆಟ್‌ವರ್ಕ್ ಕಂಟ್ರೋಲರ್ ಅಂದರೆ ವೈಫೈ, ಎತರ್‌ನೆಟ್ ಕಂಟ್ರೋಲರ್ ಅಂದರೆ ಕೇಬಲ್ ಚುಚ್ಚುವ ಲ್ಯಾನ್. ಬೇಸ್ ಸಿಸ್ಟಮ್ ಡಿವೈಸ್ ಅಂತ ಬಂದರೆ ಎಷ್ಟೋ ಸಲ ಅದು ಮೆಮೊರಿ ಕಾರ್ಡ್ ರೀಡರ್. ಟಚ್‌ಪ್ಯಾಡ್ ಸತ್ತೇ ಹೋದ ಹಾಗಿದ್ದರೆ ಟಚ್‌ಪ್ಯಾಡ್ ಡ್ರೈವರ್ ಹಿಂದೆ ಬೀಳುವ ಮೊದಲು ಇಂಟೆಲ್ ಸೀರಿಯಲ್ ಐಓ ಡ್ರೈವರ್ ಇದೆಯಾ ನೋಡಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಅದರ ಮೂಲಕವೇ ಮಾತಾಡುತ್ತದೆ. ಸೌಂಡ್ ಕೂಡ ಹಾಗೇ. ರಿಯಲ್‌ಟೆಕ್ ಡ್ರೈವರ್ ಹಾಕಿದರೂ ಸದ್ದು ಬರಲಿಲ್ಲ ಅಂದರೆ ಇಂಟೆಲ್ ಸ್ಮಾರ್ಟ್ ಸೌಂಡ್ ಡ್ರೈವರ್ ಕಾಣೆಯಾಗಿರಬಹುದು. ಕೆಳಗಿನದು ಕೂರದೆ ಮೇಲಿನದು ಕೆಲಸ ಮಾಡುವುದಿಲ್ಲ. ಚಿಪ್‌ಸೆಟ್ ಮೊದಲು ಅಂತ ಒತ್ತಿ ಹೇಳುವುದು ಇದಕ್ಕೇ.

ವಿಂಡೋಸ್ 10ರ ಡ್ರೈವರ್ 11ಕ್ಕೆ ಆಗುತ್ತದಾ ಅಂತ ಅನುಮಾನ ಬಂದಿರಬಹುದು. ಬಹುತೇಕ ಆಗುತ್ತದೆ. ಆದರೆ ನಿಮ್ಮ ಹಳೇ ವಿಂಡೋಸ್ 64 ಬಿಟ್ ಆಗಿದ್ದಿರಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನುವುದೇ ಇಲ್ಲ, ಹಾಗಾಗಿ 32 ಬಿಟ್ ಡ್ರೈವರ್ ಅದರಲ್ಲಿ ಕೂರುವುದಿಲ್ಲ. 2020ರ ಲ್ಯಾಪ್‌ಟಾಪ್ ಅಂದಿರಿ, 64 ಬಿಟ್ಟೇ ಇದ್ದಿರುತ್ತದೆ.

ಸಿ ಡ್ರೈವ್‌ನ ಬೇರಿನಲ್ಲಿ ಇಂಟೆಲ್, ಎಎಂಡಿ, ಡ್ರೈವರ್ಸ್ ಅಂತೆಲ್ಲಾ ಹೆಸರಿನ ಫೋಲ್ಡರ್ ಇದ್ದರೆ ಅವನ್ನೂ ಕಸ ಅಂತ ಎಸೆಯಬೇಡಿ. ಎಚ್‌ಪಿ ಲ್ಯಾಪ್‌ಟಾಪ್ ಆಗಿದ್ದರೆ ಎಸ್‌ಡಬ್ಲ್ಯೂ ಸೆಟಪ್ ಅಂತ ಒಂದು ಫೋಲ್ಡರ್ ಇರಬಹುದು. ಇವುಗಳಲ್ಲಿ ಹಿಂದೆ ಹಾಕಿದ ಡ್ರೈವರ್‌ಗಳ ಸೆಟಪ್ ಫೈಲ್‌ಗಳು ಬಿಚ್ಚಿದ ರೂಪದಲ್ಲಿ ಉಳಿದಿರುತ್ತವೆ.

ಇನ್ನೂ ಒಂದೆರಡು ಹಳದಿ ಗುರುತು ಹಠ ಹಿಡಿದರೆ ಅದು ಯಾವ ಸಾಧನ ಅಂತ ಪತ್ತೆ ಮಾಡಬೇಕು. ಹೆಸರು ಅನ್‌ನೋನ್ ಡಿವೈಸ್ ಅಂತಿದ್ದರೂ ಪರವಾಗಿಲ್ಲ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್. ಅಲ್ಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿ. ಒಂದು ಉದ್ದದ ಸಾಲು ಕಾಣುತ್ತದೆ. ಅದರಲ್ಲಿ ವಿಇಎನ್ ಅನ್ನುವ ಮೂರು ಅಕ್ಷರದ ಮುಂದೆ ನಾಲ್ಕು ಅಂಕಿ ಅಥವಾ ಇಂಗ್ಲಿಷ್ ಅಕ್ಷರ ಇರುತ್ತವೆ. ಅದು ತಯಾರಕರ ಗುರುತು. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 10ಡಿಇ ಇದ್ದರೆ ಎನ್ವಿಡಿಯಾ, 1002 ಇದ್ದರೆ ಎಎಂಡಿ, 14ಸಿ3 ಇದ್ದರೆ ಮೀಡಿಯಾಟೆಕ್. ಅದರ ಮುಂದೆ ಡಿಇವಿ ಅಂತ ಇದ್ದು ಮತ್ತೆ ಅಂಥದ್ದೇ ನಾಲ್ಕು. ಅದು ಆ ತಯಾರಕರ ಯಾವ ಸಾಧನ ಅನ್ನುವುದರ ಗುರುತು. ಇವೆರಡು ಗೊತ್ತಾದರೆ ಹೆಸರಿಲ್ಲದ ಸಾಧನಕ್ಕೂ ವಿಳಾಸ ಸಿಕ್ಕಿದ ಹಾಗೆ.

ಆಮೇಲೆ ಹೋಗಬೇಕಾದ್ದು ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟಕ್ಕೆ. ಲ್ಯಾಪ್‌ಟಾಪ್ ಮಗುಚಿದರೆ ಬೆನ್ನಿನ ಮೇಲೆ ಸೀರಿಯಲ್ ನಂಬರ್ ಇದೆ. ಡೆಲ್‌ನವರು ಅದನ್ನೇ ಸರ್ವೀಸ್ ಟ್ಯಾಗ್ ಅನ್ನುತ್ತಾರೆ. ಅದನ್ನು ಹಾಕಿದರೆ ನಿಮ್ಮ ಮಾದರಿಯ ಡ್ರೈವರ್‌ಗಳು ಮಾತ್ರ ಬರುತ್ತವೆ. ವಿಂಡೋಸ್ 11ರ ಪಟ್ಟಿ ಖಾಲಿ ಇದ್ದರೆ ವಿಂಡೋಸ್ 10, 64 ಬಿಟ್ ಆರಿಸಿ ನೋಡಿ.

ಗೂಗಲ್‌ನಲ್ಲಿ ಡ್ರೈವರ್ ಹೆಸರು ಹಾಕಿ ಮೊದಲು ಬಂದ ಕೊಂಡಿ ಒತ್ತಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಮೇಲೆ ಬರುವುದು ಹೆಚ್ಚಾಗಿ ಜಾಹೀರಾತು. ಒಂದೇ ಕ್ಲಿಕ್‌ಗೆ ಎಲ್ಲಾ ಡ್ರೈವರ್ ಹಾಕಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನು ಹತ್ತಿರ ಸೇರಿಸಬೇಡಿ. ಒಂದು ಡ್ರೈವರ್ ಜೊತೆಗೆ ಬೇಡದ ನಾಲ್ಕು ಪ್ರೋಗ್ರಾಂ ಒಳಗೆ ಬಿಡುತ್ತವೆ, ಸರಿ ಇದ್ದ ಡ್ರೈವರನ್ನೂ ಬದಲಿಸುತ್ತವೆ, ಕೊನೆಗೆ ದುಡ್ಡು ಕೇಳುತ್ತವೆ. ಜನರ ಆಧಾರ್ ಪ್ರತಿ, ಆಸ್ತಿ ಪತ್ರ ಎಲ್ಲಾ ಇರುವ ಅಂಗಡಿ ಕಂಪ್ಯೂಟರ್‌ನಲ್ಲಿ ಇಂಥದ್ದಕ್ಕೆ ಜಾಗ ಕೊಡಬಾರದು.

ಇನ್ನು ಫೈಲ್‌ಗಳ ವಿಷಯ. ವಿಂಡೋಸ್.ಓಲ್ಡ್ ಒಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹಳೇ ಲಾಗಿನ್ ಹೆಸರಿನ ಫೋಲ್ಡರ್. ತೆರೆದರೆ, ನಿಮಗೆ ಅನುಮತಿ ಇಲ್ಲ ಅನ್ನುವ ಸಂದೇಶ ಬರುತ್ತದೆ. ಗಾಬರಿ ಬೇಡ, ಕಂಟಿನ್ಯೂ ಒತ್ತಿ. ಲಾಗಿನ್ ಹೆಸರು ಹಳೆಯದೇ ಇಟ್ಟಿದ್ದರೂ ಹೊಸ ವಿಂಡೋಸ್‌ನ ಲೆಕ್ಕದಲ್ಲಿ ನೀವು ಬೇರೆ ಮನುಷ್ಯ. ಅದು ಜನರನ್ನು ಗುರುತಿಸುವುದು ಹೆಸರಿನಿಂದಲ್ಲ, ಒಳಗಿನ ಒಂದು ಉದ್ದದ ಸಂಖ್ಯೆಯಿಂದ. ಕಂಟಿನ್ಯೂ ಒತ್ತಿದಾಗ ಆ ಫೋಲ್ಡರ್‌ಗೆ ನಿಮ್ಮ ಹೊಸ ಸಂಖ್ಯೆಯನ್ನೂ ಸೇರಿಸುತ್ತದೆ. ಫೈಲ್‌ಗಳು ಜಾಸ್ತಿ ಇದ್ದರೆ ಹಸಿರು ಪಟ್ಟಿ ನಿಧಾನಕ್ಕೆ ಓಡುತ್ತದೆ, ಕಾಯಬೇಕು.

ಒಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲಾ ಸಿಗುತ್ತವೆ. ಡೆಸ್ಕ್‌ಟಾಪ್ ಖಾಲಿ ಕಂಡರೆ ಪಕ್ಕದ ಒನ್‌ಡ್ರೈವ್ ಫೋಲ್ಡರ್ ತೆರೆಯಿರಿ. ವಿಂಡೋಸ್ 10 ಎಷ್ಟೋ ಜನರ ಡೆಸ್ಕ್‌ಟಾಪನ್ನು ಅದರೊಳಗೆ ಸೇರಿಸಿಬಿಟ್ಟಿರುತ್ತದೆ, ಅವರಿಗೆ ಗೊತ್ತೂ ಇರುವುದಿಲ್ಲ. ಹಾಗಿದ್ದರೆ ಹಳೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆದರೆ ಆ ಫೈಲ್‌ಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ.

ಇಲ್ಲಿ ಒಂದು ಎಚ್ಚರ: ಕಟ್ ಮಾಡಬೇಡಿ, ಕಾಪಿಯೇ ಮಾಡಿ. ಒಂದೇ ಡ್ರೈವ್ ಒಳಗೆ ಕಟ್ ಮಾಡಿ ಪೇಸ್ಟ್ ಮಾಡಿದರೆ ಹಳೇ ಅನುಮತಿಗಳು ಫೈಲ್‌ಗೆ ಅಂಟಿಕೊಂಡೇ ಬರುತ್ತವೆ. ಆಮೇಲೆ ತಿಂಗಳುಗಟ್ಟಲೆ ಸೇವ್ ಆಗುವುದಿಲ್ಲ, ಅಳಿಸಲು ಬರುವುದಿಲ್ಲ ಅಂತ ಕಾಟ ಕೊಡುತ್ತವೆ. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿ ಸಿಗುತ್ತದೆ. ಸಿ ಡ್ರೈವ್ ತುಂಬಿದೆ ಅಂದಿರಲ್ಲ, ಡಿ ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕ್‌ಗೋ ಕಾಪಿ ಮಾಡಿ.

ಬ್ರೌಸರ್‌ನ ಬುಕ್‌ಮಾರ್ಕ್ ಬೇಕಿದ್ದರೆ ಹಿಡನ್ ಐಟಂಗಳನ್ನು ತೋರಿಸುವ ಆಯ್ಕೆ ಆನ್ ಮಾಡಿಕೊಂಡು ಆಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡೀಫಾಲ್ಟ್ ಹೀಗೆ ಹೋಗಿ. ಬುಕ್‌ಮಾರ್ಕ್ಸ್ ಅನ್ನುವ ಒಂದೇ ಫೈಲ್ ಇದೆ. ಕ್ರೋಮ್ ಮುಚ್ಚಿ, ಅದನ್ನು ಹೊಸದರ ಅದೇ ಜಾಗಕ್ಕೆ ಕಾಪಿ ಮಾಡಿದರೆ ಸಾಕು. ಪಾಸ್‌ವರ್ಡ್‌ಗಳು ಮಾತ್ರ ಹೀಗೆ ಬರುವುದಿಲ್ಲ. ಅವು ಹಳೇ ಲಾಗಿನ್‌ಗೆ ಕಟ್ಟಿದ ಬೀಗದೊಳಗೆ ಇರುತ್ತವೆ. ಗೂಗಲ್ ಖಾತೆಯಲ್ಲಿ ಸಿಂಕ್ ಇದ್ದವರಿಗೆ ಸೈನ್ ಇನ್ ಆದ ಕೂಡಲೇ ವಾಪಸ್ ಬರುತ್ತವೆ.

ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಇಟ್ಟುಕೊಂಡವರು ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್ ಮರೆಯಬಾರದು. ಟ್ಯಾಲಿ ಪ್ರೈಮ್ ತಾನಾಗಿ ಆರಿಸಿಕೊಳ್ಳುವ ಡೇಟಾ ಜಾಗ ಅದರೊಳಗೇ ಇದೆ. ತಮ್ಮ ಹೆಸರಿನ ಫೋಲ್ಡರ್ ಮಾತ್ರ ಕಾಪಿ ಮಾಡಿಕೊಂಡು ಉಳಿದದ್ದು ಅಳಿಸಿದರೆ ವರ್ಷಗಳ ಲೆಕ್ಕ ಹೋಗುತ್ತದೆ.

ನುಡಿ ಫೈಲ್‌ಗಳ ಬಗ್ಗೆ ನಿಶ್ಚಿಂತೆಯಿಂದಿರಿ. ಅವು ಕೆಟ್ಟಿಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ನೊಳಗೆ ಇರುವುದೇ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಈಗ ಆ ಫಾಂಟ್ ಹೊಸ ವಿಂಡೋಸ್‌ನಲ್ಲಿ ಇಲ್ಲ, ಅಷ್ಟೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು, ನೀವು ಮೊದಲು ಬಳಸುತ್ತಿದ್ದ ಆವೃತ್ತಿಯನ್ನೇ, ಮತ್ತೆ ಹಾಕಿ. ಫಾಂಟ್‌ಗಳೂ ಜೊತೆಗೆ ಬರುತ್ತವೆ. ಅಲ್ಲಿಯವರೆಗೆ ಆ ಫೈಲ್‌ಗಳನ್ನು ತೆರೆದು ಬೇರೆ ಫಾಂಟ್ ಆರಿಸಿ ಸೇವ್ ಮಾಡಬೇಡಿ. ಯಾವ ಸಾಲು ಯಾವ ಫಾಂಟ್‌ನಲ್ಲಿತ್ತು ಅನ್ನುವ ಮಾಹಿತಿ ಅಳಿಸಿಹೋದರೆ ಕನ್ನಡ, ಇಂಗ್ಲಿಷ್ ಬೆರೆತ ಕರಾರು ಪತ್ರಗಳನ್ನು ಬಿಡಿಸುವುದು ಬಹಳ ಕಷ್ಟ. ತುಂಗಾ ಫಾಂಟ್‌ನಲ್ಲಿ ಯೂನಿಕೋಡ್ ಟೈಪ್ ಮಾಡಿದ ಫೈಲ್‌ಗಳಲ್ಲಿ ಅಕ್ಷರ ಸರಿಯಾಗಿ ಕಂಡು ಅಂದ ಮಾತ್ರ ಬದಲಾಗಿರಬಹುದು. ಈಗಿನ ವಿಂಡೋಸ್‌ನಲ್ಲಿ ತುಂಗಾ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಹುಡುಕಿ ಸೇರಿಸಿ.

ಡಿ ಡ್ರೈವ್ ನಿಮಗೆ ತೆರೆಯುತ್ತಿದೆ. ಕೆಲವರಿಗೆ ಅದಕ್ಕೆ ಬೀಗದ ಚಿತ್ರ ಬಂದು 48 ಅಂಕಿಯ ಕೀ ಕೇಳುತ್ತದೆ. ಅದು ಬಿಟ್‌ಲಾಕರ್, ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನದೇ ವ್ಯವಸ್ಥೆ. ಹಳೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಡಿವೈಸ್‌ಗಳ ಪಟ್ಟಿಯಲ್ಲಿ ಆ ರಿಕವರಿ ಕೀ ಉಳಿದಿದೆಯಾ ನೋಡಬೇಕು. ಕೀ ಇಲ್ಲದೆ ಆ ಡ್ರೈವ್ ತೆರೆಯುವುದಿಲ್ಲ.

ಎಲ್ಲಾ ಹಳದಿ ಗುರುತು ಹೋಗಿ, ಫೈಲ್‌ಗಳು ಹೊರಗೆ ಬಂದು, ಒಂದು ವಾರ ಅಂಗಡಿ ಕೆಲಸ ತೊಂದರೆಯಿಲ್ಲದೆ ನಡೆದ ಮೇಲೆ ವಿಂಡೋಸ್.ಓಲ್ಡ್ ಅಳಿಸಿ. ಡಿಲೀಟ್ ಬಟನ್‌ನಿಂದ ಬೇಡ. ಅದರೊಳಗಿನ ಎಷ್ಟೋ ಫೈಲ್‌ಗಳ ಒಡೆತನ ಸಿಸ್ಟಮ್‌ನದ್ದು, ಅದಕ್ಕೇ ನಿಮಗೆ ಅನುಮತಿ ಇಲ್ಲ ಅಂದದ್ದು. ಒಡೆತನ ಬದಲಿಸಿ ಅಳಿಸುವ ದಾರಿಯೂ ಇದೆ, ಆದರೆ ಕೈತಪ್ಪಿ ಅದನ್ನು ಈಗಿನ ವಿಂಡೋಸ್ ಫೋಲ್ಡರ್ ಮೇಲೆ ಮಾಡಿದರೆ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಹೀಗೆ ಹೋಗಿ. ಪಟ್ಟಿ ತುಂಬಲು ಸ್ವಲ್ಪ ಹೊತ್ತು ಬೇಕು. ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ಸ್ ಅನ್ನುವ ಸಾಲಿಗೆ ಟಿಕ್ ಹಾಕಿ ರಿಮೂವ್ ಕೊಡಿ. ಟೆಂಪರರಿ ವಿಂಡೋಸ್ ಇನ್‌ಸ್ಟಲೇಷನ್ ಫೈಲ್ಸ್ ಅಂತ ಇದ್ದರೆ ಅದಕ್ಕೂ ಹಾಕಬಹುದು. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅನ್ನುವ ಸಾಲೂ ಇರುತ್ತದೆ, ಅದು ನಿಮ್ಮದೇ ಡೌನ್‌ಲೋಡ್ಸ್ ಫೋಲ್ಡರ್. ಎಲ್ಲಕ್ಕೂ ಟಿಕ್ ಹಾಕುವ ಅವಸರದಲ್ಲಿ ಗ್ರಾಹಕರು ವಾಟ್ಸಾಪ್‌ನಲ್ಲಿ ಕಳಿಸಿದ ದಾಖಲೆಗಳೆಲ್ಲಾ ಹೋಗಿಬಿಡುತ್ತವೆ. ಇಲ್ಲಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಬರುವುದಿಲ್ಲ.

ಆ ಫೋಲ್ಡರ್ ಅಳಿಸುವ ಮೊದಲು ಅದರ ಫೈಲ್ ರೆಪಾಸಿಟರಿಯನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಕೆಲವು ಜಿಬಿ ಆಗಬಹುದು. ಮುಂದೆ ಇದೇ ಲ್ಯಾಪ್‌ಟಾಪ್ ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಅಪ್‌ಡೇಟ್ ಡ್ರೈವರ್‌ನಲ್ಲಿ ಆ ಪೆನ್‌ಡ್ರೈವ್ ತೋರಿಸಿದರೆ ಇಂಟರ್‌ನೆಟ್ ಇಲ್ಲದೆಯೇ ಡ್ರೈವರ್ ಕೂರುತ್ತವೆ.

ಇಷ್ಟೆಲ್ಲಾ ಮಾಡಿಯೂ ಯಾವುದಾದರೂ ಸಾಧನ ಹಳದಿಯಾಗಿಯೇ ಉಳಿದರೆ, ಅದರ ಹಾರ್ಡ್‌ವೇರ್ ಐಡಿಯ ಮೊದಲ ಸಾಲನ್ನು ಹಾಗೇ ಕಾಪಿ ಮಾಡಿ, ಲ್ಯಾಪ್‌ಟಾಪ್‌ನ ಮಾದರಿ ಹೆಸರಿನ ಜೊತೆ ಬರೆದು ಕಳಿಸಿ. ಸೀರಿಯಲ್ ನಂಬರ್ ಕಳಿಸುವುದು ಬೇಡ, ಮಾದರಿ ಸಾಕು.